ಮಗ್ಗದ ಸದ್ದು, ನೇಕಾರನ ಕಿವಿ

ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯದ ಕಡೆಗೋ, ಇನ್ನೂ ಮುಂದೆ ಸುಂಕದಕಟ್ಟೆಯ ಕಡೆಗೋ ಒಳ ಓಣಿಗಳಲ್ಲಿ ನೀವು ನಡೆದು ಹೋದದ್ದುಂಟೆ? ಹೋಗಿದ್ದರೆ ಆ ಸದ್ದು ನಿಮಗೆ ಪರಿಚಿತ. ಶೀಟು ಹೊದಿಸಿದ ಉದ್ದನೆಯ ಶೆಡ್ಡು, ಅರ್ಧ ತೆರೆದ ಬಾಗಿಲು, ಒಳಗೆ ಆರೋ ಎಂಟೋ ವಿದ್ಯುತ್ ಮಗ್ಗಗಳು. ಬೀದಿಯಲ್ಲಿ ನಿಂತವರಿಗೆ ಅದು ತಗಡಿನ ಮೇಲೆ ಬಿಡದೆ ಬೀಳುವ ಆಲಿಕಲ್ಲಿನ ಹಾಗೆ ಕೇಳುತ್ತದೆ. ಒಳಗೆ ಕಾಲಿಟ್ಟರೆ ಜೊತೆಗೆ ಬಂದವರ ಮಾತು ಕೇಳುವುದು ನಿಂತು, ತುಟಿ ಆಡುವುದು ಮಾತ್ರ ಕಾಣುತ್ತದೆ. ನಿಮ್ಮ ಮನೆಯ ಮದುವೆಗೆ ಕೊಂಡ ರೇಷ್ಮೆ ಸೀರೆಗಳಲ್ಲಿ ಒಂದಾದರೂ ಅಂಥ ಶೆಡ್ಡಿನಲ್ಲಿ ನೇಯ್ದದ್ದಾಗಿರಬಹುದು.

ಬೆಂಗಳೂರಿನ ಚರಿತ್ರೆಯನ್ನು ಕೋಟೆ, ಕೆರೆ, ಪೇಟೆಗಳ ಮೂಲಕ ಹೇಳುವುದು ನಮ್ಮ ರೂಢಿ. ಈ ಸಲ ನಗರದ ಪಶ್ಚಿಮ ಭಾಗವನ್ನು ಅಲ್ಲಿ ದುಡಿದವರ ಕಿವಿಯ ಮೂಲಕ ನೋಡೋಣ. ದುಡಿಮೆಯ ಸದ್ದಿನಿಂದ ಕಿವಿ ಹಾಳಾಗುತ್ತದೆ ಎಂಬುದು ಯಾವಾಗ ತಿಳಿಯಿತು, ಕಾನೂನು ಅದನ್ನು ಯಾವಾಗ ಒಪ್ಪಿತು, ಒಪ್ಪಿದ ಮೇಲೂ ಆ ರಕ್ಷಣೆ ಓಣಿಯ ಶೆಡ್ಡಿನವರೆಗೆ ಏಕೆ ಬರಲಿಲ್ಲ ಎಂಬ ಮೂರು ಪ್ರಶ್ನೆಗಳು ಇಲ್ಲಿವೆ. ಮೂರನೆಯದೇ ಮುಖ್ಯವಾದದ್ದು.

ಮೊದಲು ಸದ್ದಿನ ಹುಟ್ಟನ್ನು ನೋಡೋಣ. ಕೈಮಗ್ಗದಲ್ಲೂ ಸದ್ದಿತ್ತು. ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರ ಹಗ್ಗ ಜಗ್ಗಿದರೆ ಲಾಳಿ ಓಡುತ್ತಿತ್ತು, ಕೈ ನಿಂತರೆ ಸದ್ದೂ ನಿಲ್ಲುತ್ತಿತ್ತು. ವಿದ್ಯುತ್ ಮಗ್ಗದಲ್ಲಿ ಲಾಳಿಯನ್ನು ಹೊಡೆಯುವುದು ಮೋಟಾರಿನ ಬಲದಿಂದ ಬೀಸುವ ಒಂದು ಕೋಲು. ಲಾಳಿ ಆ ಏಟಿಗೆ ಹಾಸಿನ ನಡುವೆ ಹಾರಿ ಎದುರಿನ ಪೆಟ್ಟಿಗೆಗೆ ಬಡಿದು ನಿಲ್ಲಬೇಕು, ಮತ್ತೆ ಆ ಕಡೆಯಿಂದ ಏಟು ತಿಂದು ವಾಪಸಾಗಬೇಕು. ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಹೀಗೆ. ಆದ್ದರಿಂದ ಮಗ್ಗದ ಸದ್ದು ಫ್ಯಾನಿನ ಸದ್ದಿನಂತೆ ಹರಿಯುವುದಿಲ್ಲ. ಅದು ಸುತ್ತಿಗೆ ಏಟುಗಳ ಸರಮಾಲೆ. ಲಾಳಿ ಓಡುವ ಮಗ್ಗಗಳ ಶೆಡ್ಡುಗಳಲ್ಲಿ ಅಳತೆ ಮಾಡಿದಾಗ ಸಾಮಾನ್ಯವಾಗಿ 95ರಿಂದ 105 ಡೆಸಿಬೆಲ್ ಸಿಗುತ್ತದೆ.

ಡೆಸಿಬೆಲ್ ಲೆಕ್ಕ ದಿನಸಿ ಅಂಗಡಿಯ ಲೆಕ್ಕದಂತಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. 95 ಡೆಸಿಬೆಲ್‌ನ ಒಂದು ಮಗ್ಗದ ಪಕ್ಕ ಅಂಥದೇ ಇನ್ನೊಂದನ್ನು ಓಡಿಸಿದರೆ ಸಿಗುವುದು 190 ಅಲ್ಲ, 98. ಹತ್ತು ಮಗ್ಗ ಓಡಿದರೆ 105. ಪ್ರತಿ 3 ಡೆಸಿಬೆಲ್ ಏರಿಕೆಗೆ ಕಿವಿಗೆ ಬೀಳುವ ಶಕ್ತಿ ಇಮ್ಮಡಿಯಾಗುತ್ತದೆ. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ಎಂಟು ಮಗ್ಗಗಳಲ್ಲಿ ನಾಲ್ಕನ್ನು ನಿಲ್ಲಿಸಿದರೂ ಇಳಿಯುವುದು ಮೂರೇ ಡೆಸಿಬೆಲ್. ಆ ಇಳಿಕೆ ಒಳಗೆ ನಿಂತವರಿಗೆ ಗೊತ್ತೇ ಆಗುವುದಿಲ್ಲ ಎಂದರೂ ತಪ್ಪಿಲ್ಲ.

ಪಶ್ಚಿಮ ಬೆಂಗಳೂರಿಗೆ ಈ ಬಗೆಯ ಸದ್ದು ಬಂದದ್ದು 19ನೇ ಶತಮಾನದ ಕೊನೆಯಲ್ಲಿ. ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಸ್ಥಾಪನೆಯಾದದ್ದು 1884ರಲ್ಲಿ. ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದದ್ದರಿಂದ ಜನರ ಬಾಯಲ್ಲಿ ಅದು ಬಿನ್ನಿ ಮಿಲ್ಲಾಯಿತು, ಸುತ್ತಲಿನ ಬಡಾವಣೆ ಬಿನ್ನಿಪೇಟೆಯಾಯಿತು. ಮಲ್ಲೇಶ್ವರದ ಅಂಚಿನಲ್ಲಿ ರಾಜಾ ಮಿಲ್, ಮಾಗಡಿ ರಸ್ತೆಯ ಬದಿಯಲ್ಲಿ ಮಿನರ್ವ ಮಿಲ್. ಕಾನೂನು ಓದಿದವರಿಗೆ ಮಿನರ್ವ ಎಂದರೆ ಸಂವಿಧಾನದ ಮೂಲ ಸ್ವರೂಪವನ್ನು ಕುರಿತ 1980ರ ಸುಪ್ರೀಂ ಕೋರ್ಟ್ ತೀರ್ಪು. ಅಲ್ಲಿ ನೂಲು ತೆಗೆದವರಿಗೆ ಅದು ಪಾಳಿ, ಸೈರನ್ ಮತ್ತು ಸದ್ದು.

ಬಿನ್ನಿ ಮಿಲ್ ಹುಟ್ಟಿದ ಎರಡೇ ವರ್ಷಗಳ ನಂತರ, 1886ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಥಾಮಸ್ ಬಾರ್ ಎಂಬ ಕಿವಿಯ ವೈದ್ಯರು ಒಂದು ಕೆಲಸ ಮಾಡಿದರು. ಹಡಗಿನ ಬಾಯ್ಲರುಗಳಿಗೆ ರಿವೆಟ್ ಬಡಿಯುವ ನೂರು ಮಂದಿಯನ್ನು ಕರೆಸಿ, ತಮ್ಮ ಗಡಿಯಾರದ ಟಿಕ್ ಟಿಕ್ ಎಷ್ಟು ದೂರದಿಂದ ಕೇಳಿಸುತ್ತದೆ ಎಂದು ಒಬ್ಬೊಬ್ಬರನ್ನೇ ಪರೀಕ್ಷಿಸಿದರು. ಕಿವಿ ಪೂರ್ತಿ ಸರಿಯಾಗಿದ್ದವನು ನೂರರಲ್ಲಿ ಒಬ್ಬನೂ ಸಿಗಲಿಲ್ಲ. ಅದಕ್ಕೂ ಬಹಳ ಹಿಂದೆ, 1713ರಷ್ಟು ಹೊತ್ತಿಗೇ, ಇಟಲಿಯ ವೈದ್ಯ ರಮಾಜ್ಜಿನಿ ಕಸುಬುದಾರರ ರೋಗಗಳ ಬಗ್ಗೆ ಬರೆದ ಗ್ರಂಥದ ಹಿಗ್ಗಿಸಿದ ಆವೃತ್ತಿಯಲ್ಲಿ, ವೆನಿಸಿನ ಕಂಚುಗಾರರು ದಿನವಿಡೀ ತಾಮ್ರ ಬಡಿದು ಬಡಿದು ಮುಪ್ಪಿನ ಹೊತ್ತಿಗೆ ಕಿವುಡರಾಗುವುದನ್ನು ದಾಖಲಿಸಿದ್ದರು. ಬಿನ್ನಿ ಮಿಲ್ಲಿನ ಮೊದಲ ಮಗ್ಗ ಓಡುವ ಹೊತ್ತಿಗೆ, ಸದ್ದು ಕಿವಿಯನ್ನು ಕೊಲ್ಲುತ್ತದೆ ಎಂಬ ಜ್ಞಾನಕ್ಕೆ ಒಂದೂವರೆ ಶತಮಾನ ಮೀರಿದ ವಯಸ್ಸಾಗಿತ್ತು. ಹಾಗಾಗಿ ‘ಆಗ ಯಾರಿಗೂ ಗೊತ್ತಿರಲಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ನೇಕಾರರನ್ನೇ ಹಿಡಿದು ನಡೆದ ಒಂದು ಒಳ್ಳೆಯ ಅಧ್ಯಯನ 1965ರಲ್ಲಿ ಪ್ರಕಟವಾಯಿತು. ಸ್ಕಾಟ್ಲೆಂಡಿನ ಡಂಡಿ ನಗರದ ಸೆಣಬಿನ ಗಿರಣಿಗಳ ನೇಕಾರ್ತಿಯರದು ಅದು. ನಷ್ಟ ನಿಧಾನವಾಗಿ ಮುಪ್ಪಿನ ಜೊತೆಗೆ ಬರುತ್ತದೆ ಎಂದು ನಂಬಿದವರಿಗೆ ಅದರ ಫಲಿತಾಂಶ ಆಶ್ಚರ್ಯ ತರುವಂಥದು. ಎತ್ತರದ ಸ್ವರಗಳ ನಷ್ಟದ ದೊಡ್ಡ ಪಾಲು ಕೆಲಸಕ್ಕೆ ಸೇರಿದ ಮೊದಲ 10–15 ವರ್ಷಗಳಲ್ಲೇ ಮುಗಿದಿರುತ್ತಿತ್ತು. ಹದಿನಾರಕ್ಕೆ ಮಗ್ಗ ಹಿಡಿದ ಹುಡುಗನ ಕಿವಿಗೆ ಆಗಬೇಕಾದ ಕೇಡು ಅವನಿಗೆ ಮದುವೆಯಾಗಿ ಮಗು ಶಾಲೆಗೆ ಹೋಗುವ ಹೊತ್ತಿಗೆ ಬಹುಪಾಲು ಆಗಿಹೋಗಿರುತ್ತದೆ ಎಂದು ಇದರ ಅರ್ಥ.

ಕಿವಿಯೊಳಗೆ ಆಗುವುದೇನು? ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಂದು ನಾಳವಿದೆ. ಅದರ ಉದ್ದಕ್ಕೂ ಸಾವಿರಾರು ರೋಮಕೋಶಗಳು ಸಾಲಾಗಿ ನಿಂತಿವೆ. ಶಬ್ದದ ಅಲೆಗೆ ಅವು ಬಾಗುತ್ತವೆ, ಏಳುತ್ತವೆ, ನರಕ್ಕೆ ಸುದ್ದಿ ಮುಟ್ಟಿಸುತ್ತವೆ. ರಾಗಿಯ ಪೈರು ಗಾಳಿಗೆ ಬಾಗಿ ಏಳುವುದನ್ನು ನೆನೆಸಿಕೊಳ್ಳಿ. ಗಾಳಿ ಬಿರುಸಾಗಿ ದಿನಗಟ್ಟಲೆ ಬೀಸಿದರೆ ಪೈರು ಏಳುವುದಿಲ್ಲ. ಪೈರನ್ನಾದರೂ ಮುಂದಿನ ವರ್ಷ ಬಿತ್ತಬಹುದು. ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಸದ್ದಿನ ಏಟು ಮೊದಲು ತಾಗುವುದು 4000 ಹರ್ಟ್ಸ್ ಸುತ್ತಮುತ್ತಲಿನ ಸ್ವರಗಳನ್ನು ಹಿಡಿಯುವ ಕೋಶಗಳಿಗೆ.

ಇದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಗುತ್ತದೆ. ನಮ್ಮ ಅ, ಆ, ಒ, ಓ ಸ್ವರಗಳ ಬಲವೆಲ್ಲ ಕೆಳಗಿನ ಹರ್ಟ್ಸ್‌ಗಳಲ್ಲಿದೆ. ಅವು ಕೇಳುತ್ತಲೇ ಇರುತ್ತವೆ. ಸ, ಶ, ಚ, ತ ಮೊದಲಾದ ವ್ಯಂಜನಗಳ ಗುರುತು ಇರುವುದು ಮೇಲಿನ ಹರ್ಟ್ಸ್‌ಗಳಲ್ಲಿ; ಅವು ಮಾಯವಾಗುತ್ತವೆ. ‘ಸಾರು ಬೇಕಾ’ ಎಂದು ಹೆಂಡತಿ ಕೇಳಿದರೆ ‘ಆರು ಬೇಕಾ’ ಎಂದು ಕೇಳುತ್ತದೆ. ಕತ್ತಿಯೋ ಹತ್ತಿಯೋ ಬತ್ತಿಯೋ ಮುಖ ನೋಡದೆ ತಿಳಿಯುವುದಿಲ್ಲ. ‘ನಂಗೆ ಕೇಳ್ಸುತ್ತೆ, ಏನಂದ್ರಿ ಅಂತ ಗೊತ್ತಾಗಲ್ಲ’ ಎನ್ನುವ ಮನುಷ್ಯನನ್ನು ಮನೆಯವರು ನಂಬುವುದಿಲ್ಲ. ಕರೆದಾಗ ತಿರುಗುತ್ತಾನಲ್ಲ, ಬೇಕಾದ್ದು ಮಾತ್ರ ಕೇಳಿಸಿಕೊಳ್ಳುತ್ತಾನೆ ಎಂಬ ಆರೋಪ ಬೇರೆ. ಮದುವೆ ಮನೆ, ಜಾತ್ರೆ, ಬಸ್ಸು, ಹೀಗೆ ನಾಲ್ಕು ಜನ ಒಟ್ಟಿಗೆ ಮಾತಾಡುವ ಕಡೆ ಅವನು ಸುಮ್ಮನಾಗುತ್ತಾ ಹೋಗುತ್ತಾನೆ. ನಮ್ಮ ಭಾಷೆಯಲ್ಲಿ ‘ಕೆಪ್ಪ’ ಎಂಬುದು ಬೈಗುಳ. ಅದಕ್ಕೆ ಹೆದರಿಯೇ ಎಷ್ಟೋ ಜನ ವೈದ್ಯರ ಬಳಿ ಹೋಗುವುದಿಲ್ಲ.

ದೂರದರ್ಶನದ ಕೆಲಸದಲ್ಲಿರುವ ನಮಗೆ ಇಂಥ ಶೆಡ್ಡುಗಳು ದೊಡ್ಡ ತಲೆನೋವು. ಒಳಗೆ ಹೋದೊಡನೆ ಧ್ವನಿಯ ಮೀಟರಿನ ಮುಳ್ಳು ಕೆಂಪಿಗೆ ಹೋಗಿ ಅಲ್ಲೇ ಕೂರುತ್ತದೆ. ಸಂದರ್ಶನವನ್ನು ಕರೆಂಟು ಹೋದಾಗಲೇ ಮುಗಿಸಿಕೊಳ್ಳಬೇಕು. ಧ್ವನಿಮುದ್ರಣದವರ ಕಿವಿಯ ಮೇಲೆ ದಪ್ಪ ಹೆಡ್‌ಫೋನು ಇರುತ್ತದೆ, ಅರ್ಧ ಗಂಟೆಯಲ್ಲಿ ಅವರು ಹೊರಗೆ ಬಂದೂ ಬಿಡುತ್ತಾರೆ. ನೇಕಾರರು ಮಾತ್ರ ಒಬ್ಬರಿಗೊಬ್ಬರು ಕೈಸನ್ನೆಯಲ್ಲಿ, ತುಟಿಯ ಓದಿನಲ್ಲಿ ಸಲೀಸಾಗಿ ಮಾತಾಡಿಕೊಳ್ಳುತ್ತಾರೆ. ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳ ನೇಕಾರ್ತಿಯರಿಗೂ ಇಂಥದೇ ಒಂದು ತುಟಿಮಾತು ಇತ್ತು. ಅದನ್ನು ಅವರು ಮೀ-ಮಾ ಎಂದು ಕರೆಯುತ್ತಿದ್ದರು. ನೋಡಲು ಚೆಂದ. ಆದರೆ ಅದನ್ನು ಕಲಿಯುವಂತೆ ಮಾಡಿದ್ದು ಏನು ಎಂಬುದನ್ನು ಮರೆಯಬಾರದು.

ಈಗ ಕಾನೂನಿನ ಕಥೆಗೆ ಬರೋಣ. ಕೈ ಯಂತ್ರಕ್ಕೆ ಸಿಕ್ಕರೆ ಅದಕ್ಕೊಂದು ದಿನವಿದೆ, ಗಂಟೆಯಿದೆ, ರಕ್ತವಿದೆ, ನೋಡಿದ ಸಾಕ್ಷಿಯಿದ್ದಾನೆ. ಕಿವಿಗೆ ಇದಾವುದೂ ಇಲ್ಲ. ಯಾವ ದಿನ ಕೆಟ್ಟಿತು ಎಂದರೆ ಹೇಳಲು ಬರುವುದಿಲ್ಲ. ಅದೂ ಅಲ್ಲದೆ, ಕಿವಿ ಕೆಟ್ಟ ನೇಕಾರ ಮಗ್ಗ ಓಡಿಸುವುದನ್ನು ಬಿಡುವುದಿಲ್ಲ, ಅವನ ಕೂಲಿಯೂ ಇಳಿಯುವುದಿಲ್ಲ. ಕೂಲಿ ಇಳಿಯದಿದ್ದರೆ ನಷ್ಟ ಎಲ್ಲಿಂದ ಬಂತು ಎಂಬುದು ಮಾಲೀಕರ, ವಿಮಾ ಕಂಪನಿಗಳ ವಾದ. ಅಮೆರಿಕದಲ್ಲಿ ಈ ವಾದ ಬಿದ್ದದ್ದು 1948ರಲ್ಲಿ, ಕಮ್ಮಾರಿಕೆಯ ಕಾರ್ಖಾನೆಯೊಂದರ ಕೆಲಸಗಾರ ಸ್ಲಾವಿನ್‌ಸ್ಕಿ ಎಂಬಾತನ ಮೊಕದ್ದಮೆಯಲ್ಲಿ. ಸಂಬಳ ಕಡಿಮೆಯಾಗದಿದ್ದರೂ ಕಿವಿಯ ನಷ್ಟಕ್ಕೆ ಪರಿಹಾರ ಸಲ್ಲುತ್ತದೆ ಎಂದು ನ್ಯೂಯಾರ್ಕಿನ ನ್ಯಾಯಾಲಯ ಎತ್ತಿಹಿಡಿಯಿತು.

ಅದೇ 1948ರಲ್ಲಿ ನಮ್ಮ ದೇಶದಲ್ಲಿ ಎರಡು ದೊಡ್ಡ ಕಾಯ್ದೆಗಳು ಬಂದವು. ಒಂದು ಫ್ಯಾಕ್ಟರಿ ಕಾಯ್ದೆ, ಇನ್ನೊಂದು ನೌಕರರ ರಾಜ್ಯ ವಿಮಾ ಕಾಯ್ದೆ, ಅಂದರೆ ನಾವು ಬಾಯಿಮಾತಿನಲ್ಲಿ ಇಎಸ್‌ಐ ಎನ್ನುವುದು. ಫ್ಯಾಕ್ಟರಿ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ, ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಿತ್ತು. ಸೀಸದ ವಿಷ, ಪಾದರಸದ ವಿಷ, ಸಿಲಿಕೋಸಿಸ್‌ಗಳ ಆ ಪಟ್ಟಿಯಲ್ಲಿ 22ನೇ ಸಾಲು ಸದ್ದಿನಿಂದಾದ ಶ್ರವಣ ನಷ್ಟದ್ದು. ಕಂಡೂ ತಿಳಿಸದ ವೈದ್ಯರಿಗೆ 1000 ರೂಪಾಯಿಯವರೆಗೆ ದಂಡ ಎಂದು 89ನೇ ಸೆಕ್ಷನ್ ಹೇಳುತ್ತಿತ್ತು. ಇಎಸ್‌ಐನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲೂ ಸದ್ದಿನ ಕಿವುಡಿಗೆ ಜಾಗ ಸಿಕ್ಕಿತು. ಆದರೂ 2008ರಲ್ಲಿ ಪ್ರಕಟವಾದ ಒಂದು ಭಾರತೀಯ ವೈದ್ಯಕೀಯ ಲೇಖನ ಹೇಳುವಂತೆ, ದೇಶದಲ್ಲಿ ಇದಕ್ಕಾಗಿ ಮೊದಲ ಪರಿಹಾರ ದೊರೆತದ್ದು 1996ರಲ್ಲಿ. ಪಟ್ಟಿ ಮಾಡುವುದರಲ್ಲಿ ನಾವು ಯಾರಿಗೂ ಹಿಂದೆ ಬಿದ್ದವರಲ್ಲ.

ಎಷ್ಟು ಸದ್ದು, ಎಷ್ಟು ಹೊತ್ತು ಎಂಬ ಕೋಷ್ಟಕವೂ ನಿಯಮಗಳಲ್ಲಿ ಬಂತು: 90 ಡೆಸಿಬೆಲ್ ಆದರೆ 8 ಗಂಟೆ, 95 ಆದರೆ 4, 100 ಆದರೆ 2, 105 ಆದರೆ ಒಂದೇ ಗಂಟೆ. ಇದು ಅಮೆರಿಕದ ಕಾರ್ಮಿಕ ಇಲಾಖೆಯ ಲೆಕ್ಕ. ಅದೇ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧನಾ ಸಂಸ್ಥೆ 1998ರಲ್ಲಿ ಮಾಡಿದ ಶಿಫಾರಸು ಇನ್ನೂ ಬಿಗಿಯಾದದ್ದು. ಅದರ ಪ್ರಕಾರ 8 ಗಂಟೆಗೆ 85 ಡೆಸಿಬೆಲ್ಲೇ ಮಿತಿ. 100 ಡೆಸಿಬೆಲ್‌ನಲ್ಲಿ ಬರಿಗಿವಿಯಲ್ಲಿ ನಿಲ್ಲಬಹುದಾದದ್ದು 15 ನಿಮಿಷ. ಸಡಿಲವಾದ ಲೆಕ್ಕವನ್ನೇ ಹಿಡಿದರೂ ನಮ್ಮ ಓಣಿಯ ನೇಕಾರ ಬೆಳಗಿನ ಕಾಫಿಯ ಹೊತ್ತಿಗೆ ತನ್ನ ದಿನದ ಪಾಲನ್ನು ಮುಗಿಸಿರುತ್ತಾನೆ. ಅವನ ದಿನವೋ ಹತ್ತು ಹನ್ನೆರಡು ಗಂಟೆಗಳದ್ದು, ಏಕೆಂದರೆ ಕೂಲಿ ಸೀರೆಯ ಲೆಕ್ಕಕ್ಕೆ.

ಕೋಷ್ಟಕದಲ್ಲಿ ಎಂಟು ಗಂಟೆ ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಉಳಿದ ಹದಿನಾರು ಗಂಟೆ ಕಿವಿಗೆ ವಿಶ್ರಾಂತಿ ಇದೆ ಎಂಬ ಎಣಿಕೆ ಅದರ ಹಿಂದಿದೆ. ಕೆಲಸದ ಹೊತ್ತನ್ನು ಕಡಿಮೆ ಮಾಡಿಸಲು ಗಿರಣಿ ಕಾರ್ಮಿಕರು ದಶಕಗಳ ಕಾಲ ಹೋರಾಡಿದಾಗ ಅವರ ಮನಸ್ಸಿನಲ್ಲಿದ್ದದ್ದು ಮೈಯ ದಣಿವು, ಮನೆಯ ಬದುಕು. ಕಿವಿಯ ಮಾತು ಅಲ್ಲಿ ಬಂದಿರಲಾರದು. ಆದರೂ ಎಂಟು ಗಂಟೆಯ ಪಾಳಿಯಷ್ಟು ಜನರ ಕಿವಿ ಉಳಿಸಿದ ಸಾಧನ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ದೊಡ್ಡ ಮಿಲ್ಲಿಗೆ ಒಂದು ಗೇಟಿತ್ತು. ಗೇಟಿನಲ್ಲಿ ತಲೆ ಎಣಿಕೆ, ಪಾಳಿಯ ಸೈರನ್, ಸಂಘದ ಬೋರ್ಡು. ಸದ್ದು ಗೇಟಿನ ಒಳಗಿರುವವರೆಗೆ ಕಾನೂನಿಗೂ ಅದರ ವಿಳಾಸ ಗೊತ್ತಿತ್ತು.

ಆಮೇಲೆ ಸದ್ದು ಗೇಟು ದಾಟಿತು. ರಾಜಾಜಿನಗರ 1949ರಲ್ಲಿ ಕೈಗಾರಿಕಾ ಉಪನಗರವಾಗಿಯೇ ಆರಂಭವಾದದ್ದು. ಆಗ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರ ಹೆಸರು ಅದಕ್ಕೆ. ಸಣ್ಣ ಕೈಗಾರಿಕೆಗಳ ಎಸ್ಟೇಟು ಬಂತು, ಲೇತು, ಪವರ್ ಪ್ರೆಸ್ಸು, ತಗಡಿನ ಕೆಲಸದ ಶೆಡ್ಡುಗಳು ಬಂದವು. ವಿಜಯನಗರ, ಬಸವೇಶ್ವರನಗರಗಳು ಮನೆಗಳ ಬಡಾವಣೆಗಳಾಗಿ ಬೆಳೆದರೂ ಅವುಗಳ ಅಂಚಿನಲ್ಲಿ ಮನೆ, ಮಗ್ಗ ಮತ್ತು ವರ್ಕ್‌ಶಾಪು ಒಂದೇ ಗೋಡೆಯ ಎರಡು ಬದಿಯಲ್ಲಿ ನಿಂತವು. ಇತ್ತ ಮಿಲ್ಲುಗಳು ಸೊರಗಿದವು. ಇದು ಬೆಂಗಳೂರಿನ ಕಥೆ ಮಾತ್ರವಲ್ಲ. ಮುಂಬಯಿಯಲ್ಲಿ 1982ರ ಮಹಾ ಮುಷ್ಕರದ ನಂತರ ಗಿರಣಿಗಳ ನೇಯ್ಗೆ ಭಿವಂಡಿಯ ಶೆಡ್ಡುಗಳಿಗೆ ಹರಿಯಿತು. ನಮ್ಮಲ್ಲಿ ರಾಜಾ ಮಿಲ್ಲಿನ ಜಾಗದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ತೆರೆಯಿತು, ಬಿನ್ನಿ ಮಿಲ್ಲಿನ ಜಾಗದಲ್ಲಿ ಬಹುಮಹಡಿ ಮನೆಗಳೆದ್ದವು. ನೇಯ್ಗೆ ಮಾತ್ರ ಓಣಿಗಳಲ್ಲಿ ಉಳಿಯಿತು.

ಓಣಿಯ ಶೆಡ್ಡಿನಲ್ಲಿ ತಲೆ ಎಣಿಸಿ ನೋಡಿ. ಮಾಲೀಕ, ಅವನ ತಮ್ಮ, ನಾಲ್ಕು ಮಂದಿ ಕೂಲಿ ನೇಕಾರರು. ಮೂಲೆಯಲ್ಲಿ ಕಂಡಿಕೆ ಸುತ್ತುವ ಹೆಂಗಸರು ಮನೆಯವರೇ ಆದ್ದರಿಂದ ಯಾವ ಪುಸ್ತಕದಲ್ಲೂ ಇಲ್ಲ. ಅವರ ಪಕ್ಕದಲ್ಲಿ ಸೀರೆಯ ಜೋಲಿಯಲ್ಲಿ ಮಲಗಿದ ಮಗುವನ್ನಂತೂ ಯಾರು ಎಣಿಸುತ್ತಾರೆ? 1948ರ ಕಾಯ್ದೆಯ ಪ್ರಕಾರ ವಿದ್ಯುತ್ ಬಳಸುವ ಕಡೆ ಫ್ಯಾಕ್ಟರಿ ಎನಿಸಿಕೊಳ್ಳಲು ಹತ್ತು ಕೆಲಸಗಾರರು ಬೇಕಿತ್ತು. ಅದರ ಜಾಗಕ್ಕೆ ಬಂದ, 2025ರ ನವೆಂಬರ್ 21ರಿಂದ ಜಾರಿಯಾದ ಔದ್ಯೋಗಿಕ ಸುರಕ್ಷತೆಯ 2020ರ ಸಂಹಿತೆಯಲ್ಲಿ ಆ ಸಂಖ್ಯೆ ಇಪ್ಪತ್ತಕ್ಕೆ ಏರಿದೆ. ರೋಗಗಳ ಪಟ್ಟಿ ಹೊಸ ಸಂಹಿತೆಯಲ್ಲೂ ಇದೆ, ಸದ್ದಿನ ಕಿವುಡೂ ಅದರಲ್ಲಿದೆ. ಆರು ಮಂದಿಯ ಶೆಡ್ಡು ಮೊದಲೂ ಹೊರಗಿತ್ತು, ಈಗ ಬಾಗಿಲು ಇನ್ನಷ್ಟು ದೂರವಾಯಿತು. ರಾಜಾಜಿನಗರದಲ್ಲಿ ವಿಮಾದಾರ ಕಾರ್ಮಿಕರಿಗಾಗಿಯೇ ದೊಡ್ಡ ಇಎಸ್‌ಐ ಆಸ್ಪತ್ರೆಯಿದೆ. ಈಗ ಅದು ವೈದ್ಯಕೀಯ ಕಾಲೇಜೂ ಹೌದು. ಕಾಮಾಕ್ಷಿಪಾಳ್ಯದ ಕೂಲಿ ನೇಕಾರ ಅದರ ಮುಂದೆಯೇ ಬಸ್ಸಿನಲ್ಲಿ ಹೋಗುತ್ತಾನೆ. ಅವನ ಬಳಿ ಕಾರ್ಡಿಲ್ಲ.

ಕಟ್ಟಡ ಕಾರ್ಮಿಕರ ಸ್ಥಿತಿ ಕಾಗದದ ಮಟ್ಟಿಗೆ ಇದಕ್ಕಿಂತ ಮೇಲಾಗಿತ್ತು. ಅವರಿಗಾಗಿ 1996ರಲ್ಲಿ ಬಂದ ಕಾಯ್ದೆಯಡಿ 1998ರಲ್ಲಿ ಮಾಡಿದ ಕೇಂದ್ರ ನಿಯಮಗಳಲ್ಲಿ 34ನೆಯದು ಅತಿಯಾದ ಸದ್ದಿನಿಂದ ರಕ್ಷಣೆ ಕೊಡುವ ಹೊಣೆಯನ್ನು ಕೆಲಸ ಮಾಡಿಸುವವರ ಮೇಲೆ ಹಾಕಿತ್ತು. ಮಾಗಡಿ ರಸ್ತೆ, ವಿಜಯನಗರಗಳ ಮೇಲೆ ಹಾದು 2021ರಲ್ಲಿ ಕೆಂಗೇರಿ ಮುಟ್ಟಿದ ಮೆಟ್ರೋ ಮಾರ್ಗದಂಥ ಕೆಲಸಗಳನ್ನು, ಅಥವಾ ನಿಮ್ಮ ಬೀದಿಯಲ್ಲೇ ಕಾಂಕ್ರೀಟ್ ಒಡೆಯುವ ಬ್ರೇಕರನ್ನು ನೀವು ನೋಡಿರುತ್ತೀರಿ. ತಲೆಗೆ ಹೆಲ್ಮೆಟ್ ಈಗ ಸಾಮಾನ್ಯ. ಬ್ರೇಕರ್ ಹಿಡಿದವನ ಕಿವಿಯನ್ನು ಮುಂದಿನ ಸಲ ಗಮನಿಸಿ.

ಹಾಗಾದರೆ ಮಾಡಬಹುದಾದದ್ದೇನು? ಮೊದಲನೆಯದು ಯಂತ್ರ. ಸವೆದ ಬಡಿಗೋಲು, ಸಡಿಲವಾದ ಬೋಲ್ಟು, ಲಾಳಿ ಬಂದು ಬಡಿಯುವ ಪೆಟ್ಟಿಗೆಯಲ್ಲಿ ಚಪ್ಪಟೆಯಾದ ಮೆತ್ತೆ ಇವನ್ನೆಲ್ಲ ಕಾಲಕಾಲಕ್ಕೆ ಬದಲಿಸಿದರೆ, ಮಗ್ಗದ ಕಾಲಡಿ ದಪ್ಪ ರಬ್ಬರು ಕೊಟ್ಟರೆ ಸದ್ದು ಹುಟ್ಟುವಲ್ಲೇ ಕೊಂಚ ಇಳಿಯುತ್ತದೆ. ತಗಡಿನ ಚಾವಣಿ, ಬರಿಗೋಡೆ ಸದ್ದನ್ನು ಹಿಂದಕ್ಕೆ ಎಸೆಯುತ್ತವೆ. ತೆಂಗಿನ ನಾರಿನ ದಪ್ಪ ಹಾಸು ತೂಗುಹಾಕಿದರೆ ಅದನ್ನು ಹೀರುತ್ತದೆ. ಬೆಂಕಿಯ ಭಯವಿರುವುದರಿಂದ ವೈರಿಂಗ್‌ನಿಂದ ದೂರವಿಡಬೇಕು. ಕಂಡಿಕೆ ಸುತ್ತುವುದನ್ನು, ಮಗುವಿನ ಜೋಲಿಯನ್ನು ಗೋಡೆಯಾಚೆಗೆ ಒಯ್ಯುವುದಕ್ಕೆ ಖರ್ಚೇ ಇಲ್ಲ.

ಕಿವಿಗೆ ಹಾಕುವ ಸಾಧನದ ಸರದಿ ಕೊನೆಯದು. ನೇಕಾರರು ಹತ್ತಿಯ ಉಂಡೆ ತುರುಕಿಕೊಳ್ಳುವುದನ್ನು ನೋಡಿದ್ದೇನೆ. ಒಣ ಹತ್ತಿ ತಡೆಯುವುದು ಬಹಳ ಕಡಿಮೆ, ಮನಸ್ಸಿಗೆ ಸಮಾಧಾನ ಅಷ್ಟೇ. ಜರ್ಮನಿಯ ಮಾಕ್ಸ್ ನೆಗ್ವರ್ ಎಂಬ ಔಷಧಿ ವ್ಯಾಪಾರಿ ಹತ್ತಿಗೆ ಮೇಣ ಬೆರೆಸಿ ಕಿವಿಬೆಣೆ ಮಾಡಿ 1908ರ ಸುಮಾರಿಗೆ ಮಾರಾಟಕ್ಕಿಟ್ಟದ್ದು ಈ ಕಾರಣಕ್ಕೇ. ಈಗ ಸಿಗುವ ಸ್ಪಂಜಿನ ಬೆಣೆ 1960ರ ದಶಕದ ಕೊನೆಯ ಅಮೆರಿಕದ ಶೋಧನೆ. ಅದನ್ನು ಬೆರಳುಗಳ ನಡುವೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು, ಉಬ್ಬುವವರೆಗೆ ಬೆರಳಿನಿಂದ ಒತ್ತಿ ಹಿಡಿಯಬೇಕು. ಅರ್ಧ ಹೊರಗಿದ್ದರೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. 30 ಡೆಸಿಬೆಲ್ ತಡೆಯುವ ಒಳ್ಳೆಯ ಬೆಣೆಯನ್ನು ಪಾಳಿಯ ಅರ್ಧ ಹೊತ್ತು ಮಾತ್ರ ಹಾಕಿಕೊಂಡರೆ ಒಟ್ಟು ಲಾಭ ಸುಮಾರು 3 ಡೆಸಿಬೆಲ್ಲಿಗೆ ಕುಸಿಯುತ್ತದೆ. ಮೇಲೆ ಹೇಳಿದ ಡೆಸಿಬೆಲ್ ಲೆಕ್ಕವೇ ಇದಕ್ಕೂ ಕಾರಣ.

ನೇಕಾರರ ತಕರಾರು ಬೇರೆಯದೇ. ಎಳೆ ಕಡಿದದ್ದು, ಲಾಳಿ ತಡವರಿಸಿದ್ದು ನಮಗೆ ಗೊತ್ತಾಗುವುದೇ ಸದ್ದಿನ ಬದಲಾವಣೆಯಿಂದ; ಕಿವಿ ಮುಚ್ಚಿದರೆ ಮಗ್ಗ ಕಾಣಿಸುವುದಿಲ್ಲ ಎನ್ನುತ್ತಾರೆ. ಇದು ತಳ್ಳಿಹಾಕುವ ಮಾತಲ್ಲ. ಬೆಣೆ ಎಲ್ಲ ಸದ್ದನ್ನೂ ಇಳಿಸುವುದರಿಂದ ಬದಲಾವಣೆ ಆಗಲೂ ಕೇಳುತ್ತದೆ, ಕಿವಿಗೆ ರೂಢಿಯಾಗಲು ಕೆಲವು ವಾರ ಬೇಕು. ಆದರೆ ಆಗಲೇ ನಷ್ಟವಾದ ಕಿವಿಗೆ ಈ ಮಾತು ಸಲ್ಲದು. ಹಳಬರು ಬೆಣೆಯನ್ನು ಕಿತ್ತೆಸೆಯುವುದರಲ್ಲಿ ನ್ಯಾಯವಿದೆ. ಆದ್ದರಿಂದ ಹೊಸದಾಗಿ ಸೇರುವ ಹುಡುಗನಿಂದಲೇ ಆರಂಭಿಸಬೇಕು.

ನಿಮ್ಮ ಶೆಡ್ಡು ಅಪಾಯದ್ದೋ ಅಲ್ಲವೋ ತಿಳಿಯಲು ಮೀಟರ್ ಬೇಕಿಲ್ಲ. ತೋಳಳತೆಯ ದೂರದಲ್ಲಿ ನಿಂತವರಿಗೆ ಕೇಳಿಸಲು ಕೂಗಬೇಕಾಗಿ ಬಂದರೆ ಮಿತಿ ದಾಟಿದೆ. ಕೆಲಸ ಬಿಟ್ಟ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೂ ಹಾಗೆಯೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ ತರಬೇತಾದ ಶ್ರವಣ ತಜ್ಞರು ಇಂದು ರಾಜ್ಯದ ಹಲವು ಆಸ್ಪತ್ರೆಗಳಲ್ಲಿದ್ದಾರೆ. ಅವರು ಮಾಡುವ ಆಡಿಯೋಮೆಟ್ರಿ ಪರೀಕ್ಷೆಯಲ್ಲಿ ನೋವಿಲ್ಲ, ಸೂಜಿಯಿಲ್ಲ; ಹೆಡ್‌ಫೋನು ಹಾಕಿ ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಕೊನೆಯಲ್ಲಿ ಒಂದು ಗ್ರಾಫು ಕೈಗೆ ಬರುತ್ತದೆ. ಮಗ್ಗಕ್ಕೆ ಸೇರುವ ದಿನ ಒಂದು ಸಲ, ಆಮೇಲೆ ವರ್ಷಕ್ಕೊಂದು ಸಲ ಈ ಕಾಗದವನ್ನು ಮಾಡಿಸಿ, ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ. 4000 ಹರ್ಟ್ಸ್ ಇರುವಲ್ಲಿ ಗೆರೆ ಹಳ್ಳಕ್ಕೆ ಇಳಿಯತೊಡಗಿದರೆ ಯಾವ ವರ್ಷ ಇಳಿಯಿತು ಎಂಬುದು ಆ ಕಾಗದದಲ್ಲಿ ಮುದ್ರೆಯೊಡನೆ ಇರುತ್ತದೆ.